ಸ್ಕೂಟರ್ ಸಾಕುವ ಕಷ್ಟ: ಒಂದು ಹಿನ್ನೋಟ

ನಮ್ಮ ಸಂಘ ಬೆಳೆದು ಬಂದ ದಾರಿ, ಸ್ಥಾಪಕ ನಿರ್ದೇಶಕರ ಶ್ರಮ, ಷೇರು, ಠೇವಣಿ, ಸಾಲದ ಅಂಕಿ ಅಂಶ ಇವುಗಳ ಬಗ್ಗೆ ಈ ಸ್ಮರಣ ಸಂಚಿಕೆಯಲ್ಲಿ ಬಲ್ಲವರು ಬರೆದಿರುತ್ತಾರೆ. ನನಗೆ ಸಂಪಾದಕ ಸಮಿತಿಯವರು ಹೇಳಿದ್ದು ಇಷ್ಟೇ: "ಚರಿತ್ರೆಯ ವಿಷಯ ಬರೆಯಿರಿ ಮೇಷ್ಟ್ರೇ. ಆದರೆ ರಾಜರು, ಯುದ್ಧ ಬೇಡ. ನಮ್ಮ ಜನಕ್ಕೆ ಉಪಯೋಗ ಆಗೋದು ಇರಲಿ." ವಿಷಯ ಹುಡುಕಿಕೊಂಡು ದೂರ ಹೋಗುವ ಅಗತ್ಯ ಬೀಳಲಿಲ್ಲ. ಸರ್ವ ಸದಸ್ಯರ ಸಭೆಯ ದಿನ ಸಂಘದ ಕಟ್ಟಡದ ಮುಂದೆ ನಿಲ್ಲುವ ಸ್ಕೂಟರುಗಳ ಸಾಲೇ ಒಂದು ಚರಿತ್ರೆ. ಅವುಗಳಲ್ಲಿ ಎಷ್ಟೋ ಗಾಡಿ ಸಾಲದ ಮೇಲೆ ಬಂದವು. ಎಷ್ಟೋ ಗಾಡಿಗೆ ಇಂದು ವಿಮೆ ಇದೆಯೋ ಇಲ್ಲವೋ ಮಾಲೀಕರಿಗೇ ಗೊತ್ತಿರುವುದಿಲ್ಲ.

ಸ್ಕೂಟರಿನಿಂದಾದ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಬೆಳಗಿನ ಜಾವ ಡೇರಿಗೆ ಹಾಲು ಮುಟ್ಟಿಸಲು, ಹೆರಿಗೆ ನೋವಿನ ಹೊತ್ತಿನಲ್ಲಿ ಡಾಕ್ಟರನ್ನು ಕರೆತರಲು, ಹೆಣ್ಣುಮಕ್ಕಳು ಕಾಲೇಜಿಗೆ ಹೋಗಿ ಬರಲು ಅದು ನೆರವಾಗಿದೆ. ಆದರೆ ಗಾಡಿ ಕೊಳ್ಳುವಾಗ ಅಂಗಡಿಯವರು ಹೇಳುವುದು ಗುಣ ಮಾತ್ರ. ದೋಷ ಹೇಳುವ ಕೆಲಸ ಮೇಷ್ಟ್ರುಗಳಿಗೆ ಬಿಟ್ಟದ್ದು.

ಸ್ಕೂಟರಿನ ಕಷ್ಟ ಏನು ಎಂದು ಯಾರನ್ನು ಕೇಳಿದರೂ ಪೆಟ್ರೋಲ್ ಬೆಲೆ ಎನ್ನುತ್ತಾರೆ. ಚರಿತ್ರೆ ಬಿಡಿಸಿ ನೋಡಿದರೆ ವಿಷಯ ಅಷ್ಟಕ್ಕೇ ನಿಲ್ಲುವುದಿಲ್ಲ. ಈ ಗಾಡಿಗೆ ನಮ್ಮ ಜನ ಒಂದೊಂದು ಕಾಲದಲ್ಲಿ ಒಂದೊಂದು ಬಗೆಯ ಬೆಲೆ ತೆತ್ತಿದ್ದಾರೆ. ಮೊದಲು ವರ್ಷಗಟ್ಟಲೆ ಕಾದು ತೆತ್ತರು. ಆಮೇಲೆ ಪೆಟ್ರೋಲ್ ಬಂಕಿಗೂ ಮೆಕ್ಯಾನಿಕ್ ಅಂಗಡಿಗೂ ತೆತ್ತರು. ಈಗ ಪ್ರಾಣವನ್ನೂ ಹೊಲ ಮನೆಯನ್ನೂ ಒಡ್ಡಿ ತೆರುತ್ತಿದ್ದಾರೆ. ಈ ಕಡೆಯದೇ ಎಲ್ಲಕ್ಕಿಂತ ದೊಡ್ಡದು. ಕಣ್ಣಿಗೆ ಕಾಣದಿರುವುದೂ ಅದೇ.

ಯುದ್ಧ ಮುಗಿದ ಮೇಲೆ ಹುಟ್ಟಿದ ಗಾಡಿ

ನಾವು ಇಂದು ನೋಡುವ ಸ್ಕೂಟರಿನ ತವರು ಇಟಲಿ ದೇಶ. ಅಲ್ಲಿನ ಪಿಯಾಜಿಯೊ ಕಂಪನಿ ಮೊದಲು ವಿಮಾನ ತಯಾರಿಸುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಪೊಂಟೆಡೆರಾ ಊರಿನ ಅದರ ಕಾರ್ಖಾನೆ ಬಾಂಬಿಗೆ ಸಿಕ್ಕಿ ಹಾಳಾಯಿತು. ಯುದ್ಧ ಮುಗಿದ ಮೇಲೆ ವಿಮಾನ ಯಾರಿಗೆ ಬೇಕು? ಜನರಿಗೆ ಕಡಿಮೆ ಬೆಲೆಯ ಗಾಡಿ ಬೇಕಿತ್ತು. ಆಗ ಕೊರಾಡಿನೊ ದ'ಆಸ್ಕಾನಿಯೊ ಎಂಬ ವಿಮಾನ ಎಂಜಿನಿಯರ್ ಹೊಸದೊಂದು ಗಾಡಿ ರೂಪಿಸಿದರು. 1946ರಲ್ಲಿ ಅದು 'ವೆಸ್ಪಾ' ಎಂಬ ಹೆಸರಿನಲ್ಲಿ ಹೊರಬಂತು. ಇಟಲಿಯ ಭಾಷೆಯಲ್ಲಿ ವೆಸ್ಪಾ ಎಂದರೆ ಕಣಜದ ಹುಳ. ಮರುವರ್ಷ 1947ರಲ್ಲಿ ಮಿಲಾನ್ ನಗರದ ಇನ್ನೊಸೆಂಟಿ ಕಂಪನಿ 'ಲ್ಯಾಂಬ್ರೆಟಾ' ಬಿಟ್ಟಿತು.

ದ'ಆಸ್ಕಾನಿಯೊ ಅವರಿಗೆ ಮೋಟಾರ್ ಸೈಕಲ್ ಕಂಡರೆ ಅಷ್ಟಕ್ಕಷ್ಟೇ. ಚೈನಿನ ಎಣ್ಣೆ ಬಟ್ಟೆಗೆ ಹತ್ತುತ್ತದೆ, ಟೈರ್ ಬಿಚ್ಚುವುದು ಕಷ್ಟ, ಹತ್ತಲು ಕಾಲೆತ್ತಬೇಕು. ಅದಕ್ಕೇ ಅವರು ಚೈನ್ ತೆಗೆದು ಹಾಕಿದರು. ಎಂಜಿನ್ನನ್ನು ಹಿಂದಿನ ಚಕ್ರದ ಪಕ್ಕಕ್ಕೇ ಕೂರಿಸಿ ತಗಡಿನ ಹೊದಿಕೆ ಮುಚ್ಚಿದರು. ಮುಂದೆ ಕಾಲಿಡಲು ಚಪ್ಪಟೆ ಜಾಗ ಬಿಟ್ಟರು. ವಿಮಾನದ ಚಕ್ರದ ಹಾಗೆ ಮುಂದಿನ ಚಕ್ರಕ್ಕೆ ಒಂದೇ ಕಡೆ ಆಧಾರ ಕೊಟ್ಟರು. ಹೆಂಗಸರು ಕೂರಬಹುದು, ಪಾದ್ರಿಗಳು ನಿಲುವಂಗಿ ತೊಟ್ಟೇ ಕೂರಬಹುದು. ಜನ ಮೆಚ್ಚಿದರು. ಈ ಗಾಡಿ ಹುಟ್ಟಿದ್ದು ಡಾಂಬರು ರಸ್ತೆ ಇದ್ದ ಊರಿಗೆ ಎಂಬುದನ್ನು ಮಾತ್ರ ನಾವು ನೆನಪಿಡಬೇಕು. ನಮ್ಮ ಕೆಮ್ಮಣ್ಣಿನ ಗಾಡಿ ಜಾಡು, ಕೆರೆ ಏರಿ, ಮಳೆಗಾಲದ ಕೆಸರು ಇವೆಲ್ಲ ಆ ಎಂಜಿನಿಯರ್ ಕನಸಿನಲ್ಲೂ ಇರಲಿಲ್ಲ.

ಕಾಯುವ ಕಾಲ

ನಮ್ಮ ದೇಶಕ್ಕೆ ಸ್ಕೂಟರ್ ಬಂದದ್ದು ಸ್ವಾತಂತ್ರ್ಯ ಬಂದ ಹೊಸತರಲ್ಲಿ. ಮುಂದೆ ಬಜಾಜ್ ಆಟೋ ಎಂದು ಹೆಸರಾದ ಸಂಸ್ಥೆ 1948ರಲ್ಲಿ ವಿದೇಶದಿಂದ ಎರಡು ಮತ್ತು ಮೂರು ಚಕ್ರದ ಗಾಡಿಗಳನ್ನು ತರಿಸಿ ಮಾರತೊಡಗಿತು. ಬೊಂಬಾಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ 1950ರ ದಶಕದಲ್ಲಿ ಲ್ಯಾಂಬ್ರೆಟಾ ಬಿಡಿಭಾಗ ತರಿಸಿ ಜೋಡಿಸಿತು. 1959ರಲ್ಲಿ ಬಜಾಜ್ ಸಂಸ್ಥೆಗೆ ಇಲ್ಲೇ ತಯಾರಿಸಲು ಸರ್ಕಾರದ ಲೈಸೆನ್ಸ್ ಸಿಕ್ಕಿತು. ಪಿಯಾಜಿಯೊ ಜತೆ ಒಪ್ಪಂದ ಮಾಡಿಕೊಂಡು ಅದು ವೆಸ್ಪಾ ತಯಾರಿಸಿತು. ಒಪ್ಪಂದ 1971ರಲ್ಲಿ ಮುಗಿಯಿತು. 1972ರಲ್ಲಿ ಅದೇ ಅಚ್ಚಿನ ಗಾಡಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು 'ಚೇತಕ್' ಆಗಿ ಬಂತು.

ಕುದುರೆಯ ಹೆಸರಿನ ಈ ಗಾಡಿ ಮನೆಗೆ ಬರಲು ಮಾತ್ರ ಆಮೆಯ ನಡಿಗೆ! ಯಾವ ಕಾರ್ಖಾನೆ ವರ್ಷಕ್ಕೆ ಎಷ್ಟು ಗಾಡಿ ತಯಾರಿಸಬೇಕು ಎಂಬುದನ್ನು ಆಗ ಸರ್ಕಾರ ಗೊತ್ತು ಮಾಡುತ್ತಿತ್ತು. ಹೆಚ್ಚಿಗೆ ತಯಾರಿಸಲು ಬೇರೆ ಅಪ್ಪಣೆ ಬೇಕು. ಮಾರಾಟಕ್ಕೂ 1960ರಲ್ಲಿ ಸ್ಕೂಟರ್ ವಿತರಣೆ ಮತ್ತು ಮಾರಾಟ ನಿಯಂತ್ರಣ ಆದೇಶ ಬಂತು. ಬೇಡಿಕೆ ಬೆಟ್ಟದಷ್ಟು, ತಯಾರಿ ಬೊಗಸೆಯಷ್ಟು. ಹಣ ಕಟ್ಟಿ ಹೆಸರು ನೋಂದಾಯಿಸಿ ಕೂರಬೇಕಿತ್ತು. ಚೇತಕ್ ಗಾಡಿಗೆ ಹತ್ತು ವರ್ಷದವರೆಗೂ ಕಾದವರಿದ್ದರು. ಮಗಳು ಹೈಸ್ಕೂಲು ಸೇರುವಾಗ ಬುಕ್ ಮಾಡಿದರೆ ಮದುವೆ ಹೊತ್ತಿಗೆ ಬರುತ್ತೆ ಅನ್ನೋ ಮಾತು ಆಗ ತಮಾಷೆಯಾಗಿರಲಿಲ್ಲ, ಲೆಕ್ಕಾಚಾರವಾಗಿತ್ತು.

ಕಾಯಲಾರದವರಿಗೆ ಇನ್ನೊಂದು ದಾರಿ ಇತ್ತು. ಸರದಿ ಬಂದವರಿಂದ ಮೇಲು ಹಣ ಕೊಟ್ಟು ಕೊಳ್ಳುವುದು. ಹೊಸ ಗಾಡಿಗಿಂತ ಒಂದು ವರ್ಷ ಓಡಿಸಿದ ಗಾಡಿಗೇ ಬೆಲೆ ಜಾಸ್ತಿ ಎಂಬ ವಿಚಿತ್ರವನ್ನು ನಮ್ಮ ಜನ ಕಂಡದ್ದು ಆಗ. ವಿದೇಶದಲ್ಲಿ ನೆಂಟರಿದ್ದು ಡಾಲರ್ ಕಟ್ಟಿಸಿದವರಿಗೆ ಸರದಿ ಇಲ್ಲದೆ ಗಾಡಿ ಸಿಗುತ್ತಿತ್ತು. ಹಳ್ಳಿಯ ರೈತನಿಗೆ ವಿದೇಶದ ನೆಂಟ ಎಲ್ಲಿಂದ ಬರಬೇಕು?

ಈ ಅಭಾವದಿಂದ ಹುಟ್ಟಿದ ಒಂದು ಕೆಡುಕನ್ನು ಇಲ್ಲಿ ಹೇಳಲೇಬೇಕು. ಸುಲಭವಾಗಿ ಸಿಗದ ವಸ್ತು ಗೌರವದ ವಸ್ತುವಾಗುತ್ತದೆ. ಗೌರವದ ವಸ್ತು ವರದಕ್ಷಿಣೆಯ ಪಟ್ಟಿಗೆ ಏರುತ್ತದೆ. ವಾಚು, ಉಂಗುರ, ಸೂಟು ಇದ್ದ ಪಟ್ಟಿಗೆ ಸ್ಕೂಟರ್ ಸೇರಿತು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅದನ್ನು 1984ರಲ್ಲೂ 1986ರಲ್ಲೂ ಬಿಗಿ ಮಾಡಿದರು. ಆದರೂ "ಹುಡುಗ ಕೆಲಸಕ್ಕೆ ಹೋಗಿ ಬರೋಕೆ ಒಂದು ಗಾಡಿ" ಎಂಬ ನಯವಾದ ಮಾತಿನಲ್ಲಿ ಬೇಡಿಕೆ ನಡೆದೇ ಇತ್ತು. ಹೆಣ್ಣು ಹೆತ್ತವರು ಗದ್ದೆ ಭೋಗ್ಯಕ್ಕೆ ಹಾಕಿ ಬೇರೆಯವರ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದರು. ಸ್ಕೂಟರ್ ಹತ್ತದವನೂ ಸ್ಕೂಟರಿನ ಬೆಲೆ ತೆತ್ತ ಉದಾಹರಣೆ ಇದು.

ಅಭಾವ ನೀಗಲು ಸರ್ಕಾರ ತಾನೇ ಕಾರ್ಖಾನೆ ತೆರೆಯಲು ಹೊರಟಿತು. 1972ರಲ್ಲಿ ಲಕ್ನೋದಲ್ಲಿ ಸ್ಕೂಟರ್ಸ್ ಇಂಡಿಯಾ ಎಂಬ ಸಾರ್ವಜನಿಕ ಉದ್ಯಮ ಸ್ಥಾಪನೆಯಾಯಿತು. ಅದು ಇಟಲಿಯ ಲ್ಯಾಂಬ್ರೆಟಾ ಕಾರ್ಖಾನೆಯ ಯಂತ್ರಗಳನ್ನೇ ಕೊಂಡು ತಂದು 1975ರಿಂದ ಗಾಡಿ ಬಿಟ್ಟಿತು. ಅದೇ 1975ರಲ್ಲಿ ಮಹಾರಾಷ್ಟ್ರ ಸ್ಕೂಟರ್ಸ್ ಹುಟ್ಟಿತು. ಸಾತಾರಾದ ಆ ಕಾರ್ಖಾನೆಯಿಂದ 'ಪ್ರಿಯಾ' ಬಂತು. ನಮ್ಮ ಮೈಸೂರಿನಲ್ಲಿ 1960ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಂಪನಿ ಮೋಟಾರ್ ಸೈಕಲ್ ತಯಾರಿಸುತ್ತಿತ್ತು. ಆದರೂ ಚೇತಕ್ ಸರದಿ ಮಾತ್ರ ಕರಗಲಿಲ್ಲ.

ಸಣ್ಣ ಚಕ್ರ, ಒಂದು ಮಗ್ಗುಲ ಎಂಜಿನ್

ಇಷ್ಟು ಕಾದು ತಂದ ಗಾಡಿ ಊರಿಗೆ ಬಂದ ಮೇಲೆ ಅದರ ನಿಜ ಗುಣ ತಿಳಿಯುತ್ತಿತ್ತು. ಮೊದಲನೆಯದು ಚಕ್ರ. ಚೇತಕ್ ಚಕ್ರ 10 ಇಂಚಿನದು. ಜಾವಾ ಮೋಟಾರ್ ಸೈಕಲ್ಲಿನದು 16 ಇಂಚು. ದೊಡ್ಡ ಚಕ್ರ ಗುಂಡಿಯ ಮೇಲೆ ಹಾದು ಹೋಗುತ್ತದೆ, ಸಣ್ಣ ಚಕ್ರ ಗುಂಡಿಯೊಳಕ್ಕೇ ಇಳಿಯುತ್ತದೆ. ಎತ್ತಿನ ಗಾಡಿಯ ಚಕ್ರ ಅಷ್ಟು ದೊಡ್ಡದಾಗಿ ಯಾಕಿದೆ ಎಂದು ನಮ್ಮ ಬಡಗಿಗಳನ್ನು ಕೇಳಿದ್ದರೆ ಹೇಳುತ್ತಿದ್ದರು. ಮಳೆ ಬಿದ್ದ ಮಣ್ಣಿನ ರಸ್ತೆಯಲ್ಲಿ, ಜಲ್ಲಿ ಚೆಲ್ಲಿದ ತಿರುವಿನಲ್ಲಿ ಸ್ಕೂಟರ್ ಜಾರುವುದಕ್ಕೂ ಈ ಸಣ್ಣ ಚಕ್ರ ಒಂದು ಕಾರಣ.

ಎರಡನೆಯದು ತೂಕ. ಎಂಜಿನ್ ಬಲಮಗ್ಗುಲಿಗಿದ್ದುದರಿಂದ ಗಾಡಿ ಒಂದು ಕಡೆ ವಾಲುತ್ತಿತ್ತು. ಎಡಗಡೆ ಸ್ಟೆಪ್ನಿ ಚಕ್ರ ಕೂರಿಸಿದರೆ ಸ್ವಲ್ಪ ಸಮತೋಲ. ಅಂದ ಹಾಗೆ ಈ 'ಸ್ಟೆಪ್ನಿ' ಎಂಬ ಮಾತು ಬ್ರಿಟನ್ನಿನ ವೇಲ್ಸ್ ನಾಡಿನ ಲಾನೆಲ್ಲಿ ಊರಿನ ಒಂದು ಬೀದಿಯ ಹೆಸರು. ನೂರು ವರ್ಷದ ಹಿಂದೆ ಅಲ್ಲಿ ತಯಾರಾದ ಹೆಚ್ಚುವರಿ ಚಕ್ರದಿಂದ ಬಂದ ಹೆಸರು ನಮ್ಮ ಪಂಚರ್ ಅಂಗಡಿಯವರ ಬಾಯಲ್ಲಿ ಇಂದಿಗೂ ಉಳಿದಿದೆ.

ಮೂರನೆಯದು ಎಂಜಿನ್ನಿನ ಜಾತಿ. ಅದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿನ ಜತೆಗೇ ಆಯಿಲ್ ಬೆರೆಸಿ ಹಾಕಬೇಕು. ನೂರಕ್ಕೆ ಎರಡು ಪಾಲಿನ ಲೆಕ್ಕದಲ್ಲಿ ಲೀಟರಿಗೆ 20 ಮಿಲಿ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಂಡು ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಜಾಸ್ತಿಯಾದರೆ ಹೊಗೆ, ಪ್ಲಗ್ಗಿಗೆ ಮಸಿ. ಸವಾರರ ಜೇಬಿನಲ್ಲಿ ಪ್ಲಗ್ ಉಜ್ಜುವ ಉಪ್ಪುಕಾಗದದ ಚೂರು ಇರುತ್ತಿದ್ದುದು ಇದಕ್ಕೇ. ಬೆಳಗ್ಗೆ ಚೋಕ್ ಎಳೆದು, ಗಾಡಿಯನ್ನು ಒಂದು ಮಗ್ಗುಲಿಗೆ ಬಗ್ಗಿಸಿ, ಕಾರ್ಬುರೇಟರಿಗೆ ಪೆಟ್ರೋಲ್ ಇಳಿಯಿತು ಎಂದು ಸಮಾಧಾನ ಮಾಡಿಕೊಂಡು ಕಿಕ್ಕರ್ ಮೇಲೆ ಕಾಲಿಟ್ಟರೆ, ಹತ್ತನೇ ಒದೆತಕ್ಕೆ ಸದ್ದು ಬಂದರೆ ಪುಣ್ಯ. ಪೇಟೆಯಲ್ಲಿ ಕೆಟ್ಟರೆ ಮೆಕ್ಯಾನಿಕ್ ಸಿಗುತ್ತಾನೆ. ಹಳ್ಳಿಯಲ್ಲಿ ಕೆಟ್ಟರೆ ಎತ್ತಿನ ಗಾಡಿಯ ಮೇಲೆ ಹೇರಿಕೊಂಡು ಪೇಟೆಗೆ ಹೋಗಬೇಕು. ಕ್ಲಚ್ ವೈರ್, ಗೇರ್ ವೈರ್, ಬ್ರೇಕ್ ಲೈನರ್ ಹೀಗೆ ಸಣ್ಣ ಸಣ್ಣ ಖರ್ಚು. ಒಂದೊಂದೂ ಸಣ್ಣದೇ. ವರ್ಷದ ಕೊನೆಗೆ ಕೂಡಿದರೆ ಒಂದು ಕರುವಿನ ಬೆಲೆ.

ಟೂ ಸ್ಟ್ರೋಕ್ ಹೊಗೆಯ ತೊಂದರೆ ಸವಾರನಿಗಿಂತ ಹಿಂದೆ ಬರುವವರಿಗೆ ಜಾಸ್ತಿ. ಅರ್ಧಂಬರ್ಧ ಉರಿದ ಪೆಟ್ರೋಲ್, ಆಯಿಲ್ ಎಲ್ಲ ಗಾಳಿಗೆ ಸೇರುತ್ತಿತ್ತು. ನಮ್ಮ ದೇಶದಲ್ಲಿ ಹೊಗೆಯ ಮಿತಿ ಮೊದಲು ಜಾರಿಯಾದದ್ದು 1991ರಲ್ಲಿ. 1996ರಲ್ಲೂ 2000ದಲ್ಲೂ ಅದನ್ನು ಬಿಗಿಗೊಳಿಸಿದರು. ಸೀಸ ಬೆರೆಸಿದ ಪೆಟ್ರೋಲ್ ಮಾರಾಟ 2000ನೇ ಇಸವಿಯ ಫೆಬ್ರವರಿಯಲ್ಲಿ ದೇಶದಾದ್ಯಂತ ನಿಂತಿತು. ಟೂ ಸ್ಟ್ರೋಕ್ ಗಾಡಿಗಳು ಹಿಂದೆ ಸರಿದು ಫೋರ್ ಸ್ಟ್ರೋಕ್ ಬಂದವು. ಅಲ್ಲಿಯವರೆಗೆ ಒಂದು ತಲೆಮಾರಿನ ಮಕ್ಕಳು ಆ ಹೊಗೆ ಕುಡಿದೇ ಶಾಲೆಗೆ ನಡೆದರು.

ಪೆಟ್ರೋಲಿನ ಬಾಯಿ

ಹಸುವಿಗೆ ಮೇವು ಹಾಕಿದರೆ ಹಾಲು ಕೊಡುತ್ತೆ, ಕರು ಹಾಕುತ್ತೆ, ಸಗಣಿಯೂ ಗೊಬ್ಬರ. ಸ್ಕೂಟರ್ ಬರೀ ಕುಡಿಯುತ್ತೆ. ಅದು ಕುಡಿಯುವುದರ ಬೆಲೆ ನಮ್ಮ ಕೈಯಲ್ಲೂ ಇಲ್ಲ, ನಮ್ಮ ದೇಶದ ಕೈಯಲ್ಲೂ ಪೂರ್ತಿ ಇಲ್ಲ. 1973ರ ಅಕ್ಟೋಬರಿನಲ್ಲಿ ಅರಬ್ಬರಿಗೂ ಇಸ್ರೇಲಿಗೂ ಯುದ್ಧವಾದಾಗ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದವು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ಎಣ್ಣೆ 1974ರ ಆರಂಭಕ್ಕೆ 12 ಡಾಲರಿನ ಹತ್ತಿರ ಹೋಯಿತು. ಇಲ್ಲಿಯೂ ಪೆಟ್ರೋಲ್ ಬೆಲೆ ಒಮ್ಮೆಲೇ ಏರಿತು. ಆ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದು ಪ್ರತಿಭಟಿಸಿದರು. 1990ರಲ್ಲಿ ಇರಾಕ್ ಕುವೈತಿನ ಮೇಲೆ ದಂಡೆತ್ತಿ ಹೋದಾಗಲೂ ನಮ್ಮ ಬಂಕುಗಳಲ್ಲಿ ಬೆಲೆ ಏರಿತು. ಎಲ್ಲೋ ಮರಳುಗಾಡಿನಲ್ಲಿ ಗುಂಡು ಹಾರಿದರೆ ಇಲ್ಲಿ ಹಾಲಿನ ಕ್ಯಾನು ಸಾಗಿಸುವ ಖರ್ಚು ಹೆಚ್ಚುತ್ತದೆ ಎಂಬುದನ್ನು ನಮಗೆ ಕಲಿಸಿದ್ದೇ ಈ ಗಾಡಿ.

2010ರ ಜೂನಿನಲ್ಲಿ ಪೆಟ್ರೋಲ್ ಬೆಲೆಯ ಮೇಲಿದ್ದ ಸರ್ಕಾರದ ಹಿಡಿತ ಸಡಿಲವಾಯಿತು. 2017ರ ಜೂನಿನಿಂದ ದಿನವೂ ಬೆಲೆ ಪರಿಷ್ಕರಿಸುವ ಪದ್ಧತಿ ಬಂತು. 2021ರ ಜೂನಿನಲ್ಲಿ ಬೆಂಗಳೂರಿನಲ್ಲಿ ಲೀಟರ್ ಪೆಟ್ರೋಲ್ 100 ರೂಪಾಯಿ ದಾಟಿತು. ಹಳ್ಳಿಯವನಿಗೆ ಇದರ ಮೇಲೆ ಇನ್ನೊಂದು ಕಷ್ಟ. ಬಂಕ್ ದೂರ. ಪೆಟ್ಟಿಗೆ ಅಂಗಡಿಯಲ್ಲಿ ಬಾಟಲಿಯಲ್ಲಿ ತೂಗುಹಾಕಿದ ಪೆಟ್ರೋಲಿಗೆ ಬೆಲೆ ಹೆಚ್ಚು. ಅದರಲ್ಲಿ ಸೀಮೆಎಣ್ಣೆ ಎಷ್ಟು ಬೆರೆತಿದೆಯೋ ದೇವರಿಗೇ ಗೊತ್ತು. ಬಾಟಲಿ ಪೆಟ್ರೋಲಿನಿಂದ ಎಂಜಿನ್ನೂ ಕೆಡುತ್ತದೆ, ಬೆಂಕಿಯ ಭಯವೂ ಇದೆ.

ಸರದಿ ಹೋಯಿತು, ಕಂತು ಬಂತು

1980ರ ದಶಕದಲ್ಲಿ ಸರ್ಕಾರದ ನೀತಿ ಸಡಿಲವಾಗಿ ವಿದೇಶಿ ಕಂಪನಿಗಳ ಜತೆ ಕೂಡು ಉದ್ಯಮಗಳು ಬಂದವು. ಕೈನೆಟಿಕ್ ಹೋಂಡಾ ಬಟನ್ ಒತ್ತಿದರೆ ಹೊರಡುವ, ಗೇರಿಲ್ಲದ ಸ್ಕೂಟರ್ ತಂದಿತು. ಕಾನ್ಪುರದಿಂದ ಎಲ್‌ಎಂಎಲ್ ವೆಸ್ಪಾ ಬಂತು. ನೆರೆಯ ಹೊಸೂರಿನಿಂದ 1980ರಲ್ಲೇ ಬಂದ ಟಿವಿಎಸ್ 50 ಮೊಪೆಡ್ ಹಳ್ಳಿಗಾಡಿನಲ್ಲಿ ಹೇರು ಹೊರುವ ಕತ್ತೆಯಂತೆ ದುಡಿಯಿತು. 1991ರ ಜುಲೈನಲ್ಲಿ ಹೊಸ ಕೈಗಾರಿಕಾ ನೀತಿ ಬಂದ ಮೇಲೆ ಲೈಸೆನ್ಸಿನ ಕಾಲವೇ ಮುಗಿಯಿತು. 90ರ ದಶಕದ ಕೊನೆಗೆ ಜನ ಮೈಲೇಜ್ ನೋಡಿ ಮೋಟಾರ್ ಸೈಕಲ್ ಕಡೆ ತಿರುಗಿದರು. 2001ರಲ್ಲಿ ಹೋಂಡಾ ಆಕ್ಟಿವಾ ಬಂದು ಸ್ಕೂಟರಿಗೆ ಮತ್ತೆ ಜೀವ ಬಂತು. ಈ ಸಲ ಹೆಣ್ಣುಮಕ್ಕಳೂ ಅದರ ಗಿರಾಕಿಗಳಾದರು.

ಕಂಪನಿಗಳು ಹುಟ್ಟಿದ ಹಾಗೆ ಮುಚ್ಚಿದವು ಕೂಡ. ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಲಕ್ನೋದ ಸರ್ಕಾರಿ ಕಾರ್ಖಾನೆ 1997ರಲ್ಲಿ ಸ್ಕೂಟರ್ ತಯಾರಿ ನಿಲ್ಲಿಸಿತು. ಆ ಸಂಸ್ಥೆಯನ್ನೇ ಮುಚ್ಚುವ ತೀರ್ಮಾನ 2021ರಲ್ಲಿ ಆಯಿತು. ಇಷ್ಟು ವರ್ಷ ಮೆರೆದ ಬಜಾಜ್ ಕೂಡ ಪೆಟ್ರೋಲ್ ಸ್ಕೂಟರ್ ಕೈಬಿಡುವುದಾಗಿ 2009ರ ಡಿಸೆಂಬರಿನಲ್ಲಿ ಸಾರಿತು. ಕಾರ್ಖಾನೆ ಮುಚ್ಚಿದರೆ ಮಾಲೀಕನ ಗತಿ ಏನು? ಬಿಡಿಭಾಗಕ್ಕೆ ಗುಜರಿ ಅಂಗಡಿಯೇ ಗತಿ. ಎತ್ತು ಮುದಿಯಾದರೂ ಎತ್ತೇ. ಬಿಡಿಭಾಗ ಸಿಗದ ಗಾಡಿ ಕೊಟ್ಟಿಗೆಯಲ್ಲಿ ಜಾಗ ತಿನ್ನುವ ಕಬ್ಬಿಣ.

ಸರದಿ ಹೋದದ್ದು ಒಳ್ಳೆಯದೇ. ಆದರೆ ಆ ಸರದಿ ಒಂದು ಉಪಕಾರ ಮಾಡುತ್ತಿತ್ತು. ಕಾಯುವಷ್ಟು ಕಾಲ ಮನುಷ್ಯ ಹಣ ಕೂಡಿಡುತ್ತಿದ್ದ. ಈಗ ಬೆಳಗ್ಗೆ ಆಸೆ, ಮಧ್ಯಾಹ್ನ ಸಾಲದ ಕಾಗದ, ಸಾಯಂಕಾಲ ಗಾಡಿಗೆ ಹೂವಿನ ಹಾರ. ಹಾರ ಬಾಡುವ ಮೊದಲೇ ಮೊದಲ ಕಂತು. ಗಾಡಿಯ ಬೆಲೆ ಅಂಗಡಿಯ ಬಾಗಿಲು ದಾಟಿದ ಕೂಡಲೇ ಇಳಿಯಲು ಶುರು, ಸಾಲದ ಬಡ್ಡಿ ಏರಲು ಶುರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಇಂಥದ್ದಕ್ಕೇ. ಹಾಲು, ತರಕಾರಿ, ರೇಷ್ಮೆಗೂಡು ಸಾಗಿಸಿ ಕಂತನ್ನು ತಾನೇ ದುಡಿಯುವ ಗಾಡಿ ಬೇರೆ. ಹೋಟೆಲಿನ ಮುಂದೆ ನಿಲ್ಲುವ ಗಾಡಿ ಬೇರೆ. ಸಾಲ ಕೇಳುವವರೂ ಕೊಡುವವರೂ ಈ ವ್ಯತ್ಯಾಸ ಯೋಚಿಸಬೇಕು.

ತಲೆಯ ಬೆಲೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಗಾಡಿ ಅಪರೂಪವಾಗಿದ್ದಾಗ ಅಪಘಾತವೂ ಅಪರೂಪ. ಮನೆಗೊಂದು ಗಾಡಿ ಬಂದ ಮೇಲೆ ಕಥೆಯೇ ಬೇರೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ನೇ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಪಾಲು ಎರಡು ಚಕ್ರದ ಗಾಡಿಯವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,029 ಮಂದಿ. ಇವರಲ್ಲಿ 14,000ಕ್ಕೂ ಹೆಚ್ಚು ಮಂದಿ ಹಿಂದೆ ಕೂತವರು. ನಮ್ಮ ಊರಿನಂಥ ಎಷ್ಟು ಊರು ಸೇರಿದರೆ ಐವತ್ತು ಸಾವಿರ ಜನ ಆಗುತ್ತಾರೆ, ಲೆಕ್ಕ ಹಾಕಿ.

1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲೇ ಹೆಲ್ಮೆಟ್ ವಿಷಯ ಇದೆ. ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಕಡ್ಡಾಯ ಮಾಡಿದರು. 2021ರ ಜೂನ್ ಒಂದರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಆದರೂ ನಮ್ಮ ಕಡೆ ಹೆಲ್ಮೆಟ್ ತಲೆಗಿಂತ ಕನ್ನಡಿಗೇ ಹೆಚ್ಚು ನೇತಾಡುತ್ತದೆ. "ಇಲ್ಲೇ ಪಕ್ಕದ ಊರಿಗೆ ತಾನೇ" ಅನ್ನೋ ಮಾತೇ ಮುಳುವು. ತಲೆಗೆ ಪಕ್ಕದ ಊರು, ದೂರದ ಊರು ಎಂಬ ಭೇದ ತಿಳಿಯುವುದಿಲ್ಲ.

ಸ್ಕೂಟರಿನ ಮುಂದಿನ ಚಪ್ಪಟೆ ಜಾಗ ನಮಗೆ ಇನ್ನೊಂದು ಕೆಟ್ಟ ಅಭ್ಯಾಸ ಕಲಿಸಿತು. ಅಲ್ಲಿ ಒಂದು ಮಗು ನಿಲ್ಲಿಸಿ, ನಡುವೆ ಒಂದು ಮಗು ಕೂರಿಸಿ, ಹಿಂದೆ ಹೆಂಡತಿ ಒಂದು ಮಗ್ಗುಲಿಗೆ ಕೂತು ಮಡಿಲಲ್ಲಿ ಕೂಸು. ಒಂದು ಕಾಲದಲ್ಲಿ ಇದನ್ನು ಸುಖಸಂಸಾರದ ಚಿತ್ರವೆಂದು ಕ್ಯಾಲೆಂಡರಿನಂತೆ ನೋಡಿ ಸಂತೋಷಪಟ್ಟೆವು. ಕಾನೂನಿನ ಪ್ರಕಾರ ಸವಾರನ ಹಿಂದೆ ಕೂರಬಹುದಾದ್ದು ಒಬ್ಬರು ಮಾತ್ರ. ಸೀರೆಯ ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದವರ ಸುದ್ದಿ ಎಲ್ಲ ಊರಿನಲ್ಲೂ ಇದೆ. ಹಿಂದಿನ ಚಕ್ರಕ್ಕೆ ಮರೆ, ಕೈಹಿಡಿ, ಕಾಲಿಡಲು ಆಸರೆ ಇರಲೇಬೇಕೆಂದು 1989ರ ಕೇಂದ್ರ ನಿಯಮಗಳಲ್ಲಿ ಬರೆದಿರುವುದು ಸುಮ್ಮನೆ ಅಲ್ಲ. ಚಂದ ಕಾಣುವುದಿಲ್ಲ ಅಂತ ಅದನ್ನು ಬಿಚ್ಚಿಸಬೇಡಿ.

ಕಾಗದದಲ್ಲಿ ಅಡಗಿದ ಕಷ್ಟ

ಪ್ರಾಣದ ನಂತರದ ಅಪಾಯ ಆಸ್ತಿಗೆ. ಇದು ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ತಿಳಿಯದ ವಿಷಯವಾದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮ ಗಾಡಿ ಬೇರೆಯವರಿಗೆ ಡಿಕ್ಕಿ ಹೊಡೆದು ಅವರು ಸತ್ತರೆ ಅಥವಾ ಕೈಕಾಲು ಕಳೆದುಕೊಂಡರೆ ಪರಿಹಾರ ಕೊಡಬೇಕಾದವನು ಗಾಡಿಯ ಮಾಲೀಕ. ಆ ಭಾರ ಹೊರಲಿಕ್ಕೆಂದೇ ಥರ್ಡ್ ಪಾರ್ಟಿ ವಿಮೆಯನ್ನು ಕಾಯ್ದೆಯ 146ನೇ ಕಲಮು ಕಡ್ಡಾಯ ಮಾಡಿದೆ. ವಿಮೆ ಇಲ್ಲದಿದ್ದರೆ ನ್ಯಾಯಮಂಡಳಿ ಗೊತ್ತು ಮಾಡಿದ ಹಣವನ್ನು ಮಾಲೀಕನೇ ಕಟ್ಟಬೇಕು. ಕಟ್ಟದಿದ್ದರೆ? ಕಾಯ್ದೆಯ 174ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗಳು ಅದನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬಹುದು. ರೈತನಿಗೆ ಈ ಮಾತಿನ ಅರ್ಥ ವಿವರಿಸಬೇಕಾಗಿಲ್ಲ. ಕೆಲವು ನೂರು ರೂಪಾಯಿಯ ವಿಮೆ ನವೀಕರಿಸಲು ಮರೆತ ತಪ್ಪಿಗೆ ಅಜ್ಜ ಮುತ್ತಜ್ಜ ಬಿಟ್ಟುಹೋದ ಹೊಲಕ್ಕೇ ಕುತ್ತು ಬರಬಹುದು.

ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ ಒಂದರಿಂದ ಹೊಸ ಎರಡು ಚಕ್ರದ ಗಾಡಿಗೆ ಕೊಳ್ಳುವಾಗಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಮಾಡಿಸುತ್ತಾರೆ. ಇದು ಒಳ್ಳೆಯದು. ಇದರಿಂದ ಒಂದು ಮರೆವೂ ಹುಟ್ಟಿದೆ. ಐದು ವರ್ಷ ಕಳೆದಾಗ ಯಾರೂ ಮನೆ ಬಾಗಿಲಿಗೆ ಬಂದು ಎಚ್ಚರಿಸುವುದಿಲ್ಲ. ದಿನಾಂಕ ನೆನಪಿಡಬೇಕಾದವರು ನಾವೇ.

ಎರಡನೆಯದು ಮಾರಿದ ಗಾಡಿ. ಸಂತೆಯಲ್ಲಿ ದನ ಮಾರಿದ ಹಾಗೆ ಕೈಗೆ ಹಣ ತೆಗೆದುಕೊಂಡು ಕೀಲಿ ಕೊಟ್ಟುಬಿಡುತ್ತೇವೆ. ಆರ್.ಸಿ. ನಮ್ಮ ಹೆಸರಿನಲ್ಲೇ ಉಳಿಯುತ್ತದೆ. ಕೊಂಡವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ಮಾರುತ್ತಾನೆ. ಅಂಥದ್ದೇ ಒಂದು ಮೊಕದ್ದಮೆಯಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ವಾಹನ ಎಷ್ಟು ಕೈ ಬದಲಿಸಿದ್ದರೂ ನೋಂದಣಿ ಯಾರ ಹೆಸರಿನಲ್ಲಿದೆಯೋ ಪರಿಹಾರದ ಹೊಣೆಯೂ ಅವರದೇ. ಐದು ವರ್ಷದ ಹಿಂದೆ ಮಾರಿದ ಗಾಡಿ ಯಾವುದೋ ಊರಿನಲ್ಲಿ ಯಾರನ್ನೋ ಕೊಂದರೆ ನೋಟೀಸ್ ಬರುವುದು ನಿಮ್ಮ ಮನೆಗೆ. ಆದ್ದರಿಂದ ಮಾರುವಾಗ 29 ಮತ್ತು 30ನೇ ನಮೂನೆಗೆ ಸಹಿ ಹಾಕಿ ಸುಮ್ಮನಾಗಬೇಡಿ. ಮಾರಿದ 14 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ, ಹೆಸರು ಬದಲಾದ ಮೇಲೆಯೇ ಗಾಡಿ ಹೋಯಿತು ಎಂದು ತಿಳಿಯಿರಿ. ಸಾಲ ತೀರಿದ ಮೇಲೂ ಹಾಗೆಯೇ. 35ನೇ ನಮೂನೆ ಕೊಟ್ಟು ಆರ್.ಸಿ.ಯಿಂದ ಸಾಲದ ನಮೂದು ತೆಗೆಸದಿದ್ದರೆ ಮುಂದೆ ಮಾರಲು ತೊಡಕು.

ಮೂರನೆಯದು ಗಾಡಿಯನ್ನು ಬೇರೆಯವರ ಕೈಗೆ ಕೊಡುವುದು. ಹಳ್ಳಿಯಲ್ಲಿ ಇಲ್ಲ ಅನ್ನೋದು ಕಷ್ಟ. "ಅಣ್ಣಾ, ಐದು ನಿಮಿಷ ಗಾಡಿ ಕೊಡು" ಅಂತ ಬಂದವನಿಗೆ ಲೈಸೆನ್ಸ್ ಇದೆಯಾ ಎಂದು ಕೇಳಿದರೆ ಮುಖ ಬಾಡುತ್ತದೆ. ಬಾಡಿದರೆ ಬಾಡಲಿ. ಲೈಸೆನ್ಸ್ ಇಲ್ಲದವರ ಕೈಯಲ್ಲಿ ಅಪಘಾತವಾದರೆ ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಹೇಳಿರುವುದುಂಟು. ಓದುವ ಮಕ್ಕಳ ವಿಷಯ ಇನ್ನೂ ಬಿಗಿ. ಗೇರಿನ ಗಾಡಿಗೂ ನಾವು ದಿನವೂ ನೋಡುವ ದೊಡ್ಡ ಸ್ಕೂಟರುಗಳಿಗೂ 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ ವಯಸ್ಸು ತುಂಬದ ಮಕ್ಕಳು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಗಾಡಿಯ ನೋಂದಣಿಯೂ ಒಂದು ವರ್ಷ ರದ್ದು. ಮಗನ ಮೇಲಿನ ಮಮತೆಯನ್ನು ಗಾಡಿಯ ಕೀಲಿಯಲ್ಲಿ ತೋರಿಸುವುದು ಬೇಡ.

ಕರೆಂಟಿನ ಗಾಡಿ ಬಂದರೂ

ಈಗ ವಿದ್ಯುತ್ ಸ್ಕೂಟರುಗಳು ಬಂದಿವೆ. 2020ರ ಜನವರಿಯಲ್ಲಿ ಚೇತಕ್ ಹೆಸರೇ ವಿದ್ಯುತ್ ಗಾಡಿಯಾಗಿ ಮರಳಿ ಮಾರಾಟಕ್ಕೆ ಬಂತು. ಬೆಂಗಳೂರಿನ ಹುಡುಗರು ಕಟ್ಟಿದ ಕಂಪನಿಗಳೂ ಈ ಕ್ಷೇತ್ರದಲ್ಲಿವೆ. ಹೊಗೆ ಇಲ್ಲ, ಪ್ಲಗ್ ಉಜ್ಜುವ ಕೆಲಸ ಇಲ್ಲ, ಓಡಿಸುವ ಖರ್ಚು ಕಡಿಮೆ. ಆದರೆ ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಚಾರ್ಜಿನ ಚಿಂತೆ ಇದ್ದೇ ಇದೆ. ಬ್ಯಾಟರಿ ಗಾಡಿಯ ಅತಿ ದುಬಾರಿ ಭಾಗ. ಅದರ ವಾರಂಟಿ ಮುಗಿದ ಮೇಲೆ ಬದಲಿಸಬೇಕಾಗಿ ಬಂದರೆ ದೊಡ್ಡ ಮೊತ್ತವೇ ಬೇಕು. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಸರ್ಕಾರ ಅದೇ ವರ್ಷದ ಡಿಸೆಂಬರಿನಿಂದ ಬ್ಯಾಟರಿ ಪರೀಕ್ಷೆ ಬಿಗಿ ಮಾಡಿತು. ಪೆಟ್ರೋಲ್ ಬದಲಾಗಬಹುದು. ಹೆಲ್ಮೆಟ್, ವಿಮೆ, ಆರ್.ಸಿ. ವಿಷಯ ಅದಕ್ಕೂ ಇದ್ದದ್ದೇ.

ಸಂಘ ಏನು ಮಾಡಬಹುದು

ಸಹಕಾರಿ ಚಳವಳಿ ನಮ್ಮ ನಾಡಿಗೆ ಹೊಸದಲ್ಲ. 1905ರಲ್ಲೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ರೈತನ ಹೊಲ ಸಾಹುಕಾರನ ಕೈಗೆ ಹೋಗದಿರಲಿ ಎಂಬುದು ಸಹಕಾರದ ಮೂಲ ಉದ್ದೇಶಗಳಲ್ಲಿ ಒಂದು. ಇಂದು ಆ ಹೊಲಕ್ಕೆ ಅಪಾಯ ಸಾಹುಕಾರನಿಂದಲೇ ಬರಬೇಕೆಂದಿಲ್ಲ. ಅಂಗಳದಲ್ಲಿ ನಿಂತ, ವಿಮೆ ಮುಗಿದ ಗಾಡಿಯಿಂದಲೂ ಬರಬಹುದು.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನದೊಂದು ಸಲಹೆ. ರಸಗೊಬ್ಬರ ಬಂದಿದೆ ಎಂದು ಬೋರ್ಡಿನಲ್ಲಿ ಬರೆಯುವ ಹಾಗೆ "ಈ ತಿಂಗಳು ನಿಮ್ಮ ಗಾಡಿಯ ವಿಮೆ ನೋಡಿಕೊಳ್ಳಿ" ಎಂದೂ ಬರೆಯಿಸಿ. ವಾರ್ಷಿಕ ಸಭೆಯ ದಿನ ಬಲ್ಲವರೊಬ್ಬರನ್ನು ಕರೆಸಿ ಆರ್.ಸಿ. ವರ್ಗಾವಣೆಯ ನಮೂನೆ ತುಂಬುವುದನ್ನು ಸದಸ್ಯರಿಗೆ ತೋರಿಸಿಕೊಡಿ. ಸದಸ್ಯರೂ ಈ ಸಂಚಿಕೆ ಓದಿ ಮುಗಿಸಿದ ದಿನವೇ ಗಾಡಿಯ ಡಿಕ್ಕಿ ತೆರೆದು ಮೂರು ಕಾಗದ ನೋಡಿ. ವಿಮೆ ಯಾವ ತಾರೀಖಿಗೆ ಮುಗಿಯುತ್ತದೆ, ಆರ್.ಸಿ. ಯಾರ ಹೆಸರಿನಲ್ಲಿದೆ, ಲೈಸೆನ್ಸ್ ಚಾಲ್ತಿಯಲ್ಲಿದೆಯೇ. ಎರಡು ಚಕ್ರದ ಗಾಡಿಯ ನೋಂದಣಿಯ ಆಯಸ್ಸು 15 ವರ್ಷ ಎಂಬುದೂ ನೆನಪಿರಲಿ. ಅದಕ್ಕಿಂತ ಹಳೆಯ ಗಾಡಿ ಇದ್ದರೆ ಮರುನೋಂದಣಿ ಆಗಬೇಕು. ಹಿಂದೆ ಮಾರಿದ ಗಾಡಿ ಇದ್ದರೆ ಅದು ಈಗ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿ.

ಸ್ಕೂಟರ್ ಬೇಡ ಎಂದು ನಾನು ಹೇಳುತ್ತಿಲ್ಲ. ಕಾದು ಕೊಂಡ ಹಿರಿಯರು ಅದನ್ನು ಮಗುವಿನ ಹಾಗೆ ಒರೆಸಿ ಇಟ್ಟುಕೊಳ್ಳುತ್ತಿದ್ದರು, ಅದರ ಕಾಗದಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಿದ್ದರು. ಸುಲಭವಾಗಿ ಸಿಕ್ಕ ನಮಗೂ ಅಷ್ಟೇ ಜೋಪಾನ ಬರಲಿ. ಇಪ್ಪತ್ತೈದು ವರ್ಷ ಪೂರೈಸಿದ ಸಂಘ ಸುವರ್ಣ ಮಹೋತ್ಸವವನ್ನೂ ಆಚರಿಸಲಿ. ಆ ದಿನ ಸಭೆಗೆ ಗಾಡಿ ಏರಿ ಬರುವ ಪ್ರತಿಯೊಬ್ಬ ಸದಸ್ಯರೂ ಸುಖವಾಗಿ ಮನೆ ಸೇರಲಿ ಎಂದು ಹಾರೈಸುತ್ತೇನೆ.